ಒಂದೇ ಎಳೆಯ ಜ್ಞಾನಮಿತ್ರಪ್ಪ

ಶಿಡ್ಲಘಟ್ಟದಲ್ಲಿ ಮೂವತ್ತು ವರ್ಷ ರೇಷ್ಮೆ ನೂಲು ತೆಗೆಸಿದ ಜ್ಞಾನಮಿತ್ರಪ್ಪನವರಿಗೆ ಲೋಕದ ಎಲ್ಲ ಪ್ರಶ್ನೆಗೂ ರೇಷ್ಮೆಗೂಡಿನಲ್ಲೇ ಉತ್ತರ. ಭಾನುವಾರ ಆರಾಧನೆ ಮುಗಿದು, ಚರ್ಚಿನ ಹುಣಸೆಮರದಡಿ ಸತ್ಯವೇದದ ಪಾಠ ಶುರುವಾಯಿತೆಂದರೆ ಜೇಬಿಂದ ಒಂದು ಒಣಗೂಡು ಈಚೆಗೆ ಬರಲೇಬೇಕು. "ಮೋಶೆಯ ಧರ್ಮಶಾಸ್ತ್ರ ಅಂದ್ರೆ ಇದು ಕಣ್ರಪ್ಪ, ಪೂರ್ತಿ ಒಂದೇ ಎಳೆ. ಕೊಲೆ ಮಾಡಬೇಡ ಅನ್ನೋದನ್ನ ಇಟ್ಕೊಂಡು ಹಂದಿ ತಿನ್ನಬೇಡ ಅನ್ನೋದನ್ನ ಕಿತ್ತರೆ ನೂಲೇ ತುಂಡು!" ಹಾಗಂದವರೇ ಕ್ರಿಸ್‌ಮಸ್ಸಿನ ಹಂದಿ ಸಾರಿಗೆ ಮೊದಲ ತಟ್ಟೆ ಹಿಡಿಯುತ್ತಿದ್ದರು ಅನ್ನುವುದು ಬೇರೆ ಮಾತು. ಎಳೆಯ ಮಾತು ಬಂದಾಗಲೆಲ್ಲ ಹೆಂಗಸರ ಚಾಪೆಯಿಂದ ಅವರ ಹೆಂಡತಿ ಕರುಣಮ್ಮ, "ಮೇಲಿನ ಜುಂಗು, ನಡುವಿನ ಎಳೆ, ಒಳಗಿನ ಹುಳ, ಮೂರೂ ಒಂದೇ ಏನ್ರೀ? ಬಲಿ, ಮಡಿ ಎಲ್ಲ ಜುಂಗು, ನೂಲು ತೆಗೆಯೋ ಮುಂಚೆ ಕಿತ್ತು ಬಿಸಾಕೋದು. ಮೋಶೆ ಕಾಲದ ರಾಜ್ಯದ ಕಟ್ಟಳೆ ಸತ್ತ ಹುಳ. ಹತ್ತು ಆಜ್ಞೆ ಮಾತ್ರ ನಮಗೆ ನೂಲು" ಅನ್ನುತ್ತಿದ್ದರು. "ನೀನು ಸುಮ್ನೆ ಕೂತ್ಕೊಳ್ಳೇ!" ಎಂದು ಇವರು ಗದರಿದರೂ ವಾದ ಮನೆಯವರೆಗೆ ನಡೆದು, ಮುದ್ದೆ ಆರಿಹೋಗುತ್ತಿತ್ತು. ಕರುಣಮ್ಮ ತೀರಿಕೊಂಡ ಮೇಲೆ ಪಾಠ ಬೇಗ ಮುಗಿಯುತ್ತದೆ. ಹೋದ ವಾರ ಹೊಸ ಪಾದ್ರಿಗಳು, "ನೀವು ಹೇಳಿದ್ದೇ ಸರಿ ಅಂಕಲ್, ಎಲ್ಲಾ ಒಂದೇ" ಎಂದು ತಲೆಯಾಡಿಸಿದರು. ಜ್ಞಾನಮಿತ್ರಪ್ಪನವರಿಗೆ ಎಲ್ಲಿತ್ತೋ ಸಿಟ್ಟು! ಒಣಗೂಡನ್ನು ಪಾದ್ರಿಗಳ ಕಿವಿಯ ಹತ್ತಿರ ಗಲಗಲ ಅಲ್ಲಾಡಿಸಿ, "ಮೇಲಿನ ಜುಂಗು, ನಡುವಿನ ಎಳೆ, ಒಳಗಿನ ಹುಳ, ಮೂರೂ ಒಂದೇ ಏನ್ರೀ?" ಅಂದರು. ಆಮೇಲೆ ಹೆಂಗಸರ ಚಾಪೆಯಲ್ಲಿ ಕರುಣಮ್ಮ ಕೂರುತ್ತಿದ್ದ ಜಾಗದ ಕಡೆ ತಿರುಗಿ, ಮೆಲ್ಲಗೆ, "ಸುಮ್ನೆ ಕೂತ್ಕೊ ಅಂದ್ರೆ ಹಿಂಗಾ ಕೂತ್ಕೊಳ್ಳೋದು?" ಅಂದರು.