ಅತ್ತೆಯ ಡಬ್ಬಿ ಚಾರ್ಜ್ ಆಗಲಿಲ್ಲ

ನನ್ನ ಗಂಡ ಜಟ್ಟಿಂಗಪ್ಪನವರಿಗೆ ತಮ್ಮ ಮೂಗಿನ ಮೇಲೆ ಬಹಳ ನಂಬಿಕೆ. ಹೊಸನಗರದ ಬಸ್‌ಸ್ಟ್ಯಾಂಡ್ ಹತ್ತಿರ ನಮ್ಮದೊಂದು ಅಂಗಡಿ. ಅರ್ಧ ನನ್ನ ಹೊಲಿಗೆ ಮಿಷನ್ನು, ಇನ್ನರ್ಧ ಅವರ ರಿಪೇರಿ ಮೇಜು. ಯಾರು ಮಿಕ್ಸಿ ತಂದರೂ, ಟಿವಿ ತಂದರೂ ಇವರು ಮೊದಲು ಮುಚ್ಚಳ ಬಿಚ್ಚಿ ಮೂಸಿ ನೋಡುತ್ತಾರೆ. ಸುಟ್ಟ ವಾಸನೆ ಬಂದಲ್ಲಿ ಬೆರಳಿಟ್ಟರೆ ಹತ್ತರಲ್ಲಿ ಒಂಬತ್ತು ಸಲ ರೋಗ ಅಲ್ಲೇ. ಊಟಕ್ಕೆ ಕೂತಾಗ ನಾನು ಮಾಡಿದ ಸಾರನ್ನೂ ಹಾಗೇ ಮೂಸುತ್ತಾರೆ, ಆಗ ನನಗೆ ಮೈಯೆಲ್ಲ ಉರಿಯುತ್ತದೆ. ಆದರೂ ಇವರಷ್ಟು ಒಳ್ಳೆಯ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಕಳೆದ ವರ್ಷ ಆಷಾಢದಲ್ಲಿ ನಮ್ಮತ್ತೆ ಮಾಸ್ತಮ್ಮ ಒಂದು ಹಳೇ ಕ್ಯಾಸೆಟ್ ಕಳಿಸಿದರು. ಅವರು ಇರುವುದು ಕವಲೇದುರ್ಗದ ಕೆಳಗಿನ ಊರಿನಲ್ಲಿ, ಭಾವ ಭೂತಪ್ಪನವರ ಮನೆಯಲ್ಲಿ. ಅತ್ತೆ ಮತ್ತು ಅವರ ತಂಗಿ ಸೇರಿ ಹೇಳಿದ ಸೋಬಾನೆ ಆ ಕ್ಯಾಸೆಟ್ಟಿನಲ್ಲಿದೆ. ಒಂದು ಸೊಲ್ಲು ಅತ್ತೆಯದು, ಮುಂದಿನ ಸೊಲ್ಲು ತಂಗಿಯದು. ಮನೆಯ ಯಾವ ಮದುವೆಯೂ ಆ ಹಾಡಿಲ್ಲದೆ ಆದದ್ದಿಲ್ಲ. ತಂಗಿ ತೀರಿಕೊಂಡು ಮೂರು ವರ್ಷವಾಯಿತು, ಅವರ ಸೊಲ್ಲುಗಳು ಅವರ ಜೊತೆಗೇ ಹೋದವು. ಭಾವನ ಮಗಳು ಕಾವ್ಯಾಳ ಮದುವೆ ಕಾರ್ತಿಕದಲ್ಲಿ ನಿಶ್ಚಯವಾಗಿತ್ತು. ಅಷ್ಟರೊಳಗೆ ತಂಗಿಯ ಸೊಲ್ಲುಗಳನ್ನೂ ಕೇಳಿ ಕಲಿಯಬೇಕೆಂದು ಅತ್ತೆಯ ಹಟ. ಆದರೆ ಅವರಿಗೆ ಕಿವಿ ಮಂದ. ಕಿವಿಗೆಂದು ಕೊಡಿಸಿದ ಮಿಷನ್ನು ಕೀಂ ಅನ್ನುತ್ತದೆ ಎಂದು ಕಿತ್ತಿಟ್ಟಿದ್ದಾರೆ.

ಇವರು ಹಾಡನ್ನು ಸಣ್ಣ ಪ್ಲೇಯರಿಗೆ ಇಳಿಸಿದರು. ಹೆಡ್‌ಫೋನಿಗೆ ಸದ್ದು ಏರಿಸಿ ಕೊಡುವ ಆಂಪ್ಲಿಫೈಯರನ್ನು ತಾವೇ ಕಟ್ಟಿ, ಎರಡನ್ನೂ ಒಂದು ಟಿಫಿನ್ ಡಬ್ಬಿಯೊಳಗೆ ಕೂರಿಸಿ ಅತ್ತೆಗೆ ಕಳಿಸಿದರು. ಮೊದಲು ಹಾಕಿದ್ದ ಚೌಕದ ಬ್ಯಾಟರಿ ಎರಡೇ ದಿನಕ್ಕೆ ಖಾಲಿಯಾಯಿತು. ಅತ್ತೆ ಅದನ್ನು ಯಾರಿಗೂ ಹೇಳಲಿಲ್ಲ. ನಾವು ಹೋದಾಗ ಹೆಡ್‌ಫೋನ್ ಹಾಕಿಕೊಂಡು ತಲೆದೂಗುತ್ತಾ ಕೂತಿದ್ದರು. ಇವರು ಅದನ್ನು ತೆಗೆದು ತಮ್ಮ ಕಿವಿಗೆ ಹಿಡಿದರೆ ಒಳಗೆ ಏನೂ ಇಲ್ಲ.

"ಎಂತಕ್ಕೆ ಹೇಳ್ಲಿಲ್ಲ ಅವ್ವಾ?"

"ಅಷ್ಟ್ ಕಷ್ಟಪಟ್ಟು ಮಾಡಿದೀಯ. ಹಾಳಾತು ಅಂತ ಹೆಂಗೆ ಹೇಳದು?"

ಇವರು ಡಬ್ಬಿಯನ್ನು ಬಸ್ಸಿನಲ್ಲಿ ವಾಪಸ್ ತಂದರು. ಮಾರನೇ ದಿನ ಚಾರ್ಜ್ ಮಾಡುವ ಸರ್ಕ್ಯೂಟಿನ ಕೆಲಸ ಶುರುವಾಯಿತು. ಹಳೇ ಲ್ಯಾಪ್‌ಟಾಪಿನಿಂದ ತೆಗೆದ ಒಂದು ಲಿಥಿಯಂ ಸೆಲ್ಲು. ಅದು ತುಂಬಿದ ಕೂಡಲೇ ಕರೆಂಟು ತಾನಾಗಿ ನಿಲ್ಲಬೇಕು, ಚಾರ್ಜಿಗೆ ಹಾಕಿಕೊಂಡೇ ಹಾಡು ಕೇಳಿದರೂ ಸೆಲ್ಲಿಗೆ ಪೆಟ್ಟಾಗಬಾರದು. ಕೊನೆಗೆ ಸೆಲ್ಲಿನ ಮೈಗೆ ಬಿಸಿ ಅಳೆಯುವ, ಮೆಣಸಿನ ಕಾಳಿನಷ್ಟು ಸಣ್ಣ ಥರ್ಮಿಸ್ಟರ್ ಒಂದನ್ನು ಅಂಟಿಸಿದರು. ಸೆಲ್ಲು ಬಿಸಿಯಾಗಿದ್ದರೆ ಅದು ಚಾರ್ಜ್ ಆಗಲು ಬಿಡುವುದಿಲ್ಲ. ಇಂಥ ಸೆಲ್ಲು ಉಬ್ಬಿ ಬೆಂಕಿ ಹತ್ತಿದ್ದನ್ನು ಇವರು ಕಂಡವರು. "ಅವ್ವ ಮಡಿಲಲ್ಲಿ ಇಟ್ಕಂಡು ಕೇಳದು ಕಣೇ," ಎಂದರು. ಒಂದೊಂದು ಬದಲಾವಣೆಗೂ ಆ ಹಾಡನ್ನೇ ಹಾಕಿ ಪರೀಕ್ಷೆ. ಹೆಡ್‌ಫೋನು ಮೇಜಿನ ಮೇಲಿದ್ದರೂ ನನ್ನ ಮಿಷನ್ನಿನವರೆಗೆ ಕೇಳುವಷ್ಟು ಜೋರು. ನಡುವೆ ಆ ತಂಗಿ ಒಂದು ಸಲ ಕೆಮ್ಮುತ್ತಾರೆ, ಅದು ಸಹ ನಮಗೆ ಬಾಯಿಪಾಠವಾಗಿ ನನ್ನ ತಲೆ ಚಿಟ್ಟು ಹಿಡಿಯಿತು.

ಡಬ್ಬಿ ಬಸ್ ಕಂಡಕ್ಟರ್ ಕೈಯಲ್ಲಿ ಊರಿಗೆ ಹೋಯಿತು. ವಾರಕ್ಕೆ ಅದೇ ಕಂಡಕ್ಟರ್ ಕೈಯಲ್ಲಿ ವಾಪಸ್ ಬಂತು. ಚಾರ್ಜಿಗೆ ಹಾಕಿದರೆ ಹತ್ತಬೇಕಾದ ಕೆಂಪು ದೀಪ ಹತ್ತುವುದಿಲ್ಲ, ಚಾರ್ಜ್ ಆಗುವುದಿಲ್ಲ ಎಂದು ಭಾವ ಫೋನ್ ಮಾಡಿದರು. ಇವರು ಮುಚ್ಚಳ ತೆಗೆದು ಮೂಸಿದರು. "ಎಂತದೋ ಸುಟ್ಟಿದೆ," ಎಂದರು. ಇಲ್ಲಿ ಚಾರ್ಜಿಗೆ ಹಾಕಿದರೆ ದೀಪ ಸರಿಯಾಗಿಯೇ ಹತ್ತುತ್ತದೆ. ಆದರೆ ಮೂಗು ಸುಳ್ಳು ಹೇಳುವುದಿಲ್ಲವಲ್ಲ, ಅರ್ಧ ಸರ್ಕ್ಯೂಟ್ ಕಿತ್ತು ಹೊಸದಾಗಿ ಹಾಕಿದರು. ಹೀಗೆ ಮೂರು ಸಲ ಆಯಿತು. ಮದುವೆಗೆ ಹದಿನೈದು ದಿನ ಉಳಿದಾಗ ಅತ್ತೆಗೆ ಒಂದೆರಡು ಸೊಲ್ಲು ಬಿಟ್ಟರೆ ಏನೂ ಬಂದಿರಲಿಲ್ಲ. "ನನ್ ಕೈಲಿ ಆಗಲ್ಲ ರಂಜನಾ," ಎಂದು ಇವರು ತಟ್ಟೆ ಸರಿಸಿ ಎದ್ದರು. ನನಗೆ ಸಿಟ್ಟು ಬಂತು. ಡಬ್ಬಿ ಎತ್ತಿಕೊಂಡು ನಾನೇ ಮೂಸಿ ನೋಡಿದೆ.

ಸುಟ್ಟ ವಾಸನೆಯೂ ಅಲ್ಲ, ಮಣ್ಣೂ ಅಲ್ಲ. ಹೊಗೆ, ಸಾರಿನ ಹುಳಿಗೆ ಒಣಗಿಸಿಟ್ಟ ಉಪ್ಪಾಗೆ, ಒಣಮೀನು.

"ಮಾರಾಯ್ರೆ, ಇದು ಒಲೆ ಮೇಲಿನ ಅಟ್ಟದ ವಾಸ್ನೆ," ಎಂದೆ.

ಮಾರನೇ ದಿನವೇ ಊರಿಗೆ ಹೋದೆವು. ಬೂಸ್ಟು ಹಿಡಿಯಬಾರದ್ದನ್ನೆಲ್ಲ ಅತ್ತೆ ಇಡುವುದು ಆ ಅಟ್ಟದಲ್ಲಿ. ಸೌತೆಬೀಜ, ಬೆಂಕಿಪೊಟ್ಟಣ, ತೀರಿಹೋದ ಮಾವನವರ ಕನ್ನಡಕ. ಅವುಗಳ ನಡುವೆ ಡಬ್ಬಿಗೆಂದು ಮಡಿಸಿ ಹಾಸಿದ ಬಟ್ಟೆ. ಕಾದ ಡಬ್ಬಿಯನ್ನು ಅಲ್ಲಿಂದ ಇಳಿಸಿ ಚಾರ್ಜಿಗೆ ಹಾಕುತ್ತಿದ್ದರು, ಥರ್ಮಿಸ್ಟರ್ ತಡೆಯುತ್ತಿತ್ತು. ದೀಪ ಹತ್ತದಿದ್ದರೆ ಥಂಡಿ ಹಿಡಿದಿರಬೇಕು ಎಂದು ಒಣಗಲಿಕ್ಕೆ ಮತ್ತೆ ಅಲ್ಲೇ ಇಡುತ್ತಿದ್ದರು. ಬಸ್ಸಿನಲ್ಲಿ ಹೊಸನಗರಕ್ಕೆ ಬರುವಷ್ಟರಲ್ಲಿ ಅದು ತಣ್ಣಗಾಗಿರುತ್ತಿತ್ತು.

"ನಿನ್ ಅಪ್ಪನ ಕನ್ನಡಕನೂ ಅಲ್ಲೇ ಇಟ್ಟಿದೀನಿ," ಎಂದರು ಅತ್ತೆ. "ಇವತ್ತಿಗೂ ಹೊಸದಿದ್ದಂಗೆ ಅದೆ."

ಬೈಯಲು ಬಾಯಿ ತೆರೆದಿದ್ದ ಇವರು ಆ ಕನ್ನಡಕವನ್ನು ಎತ್ತಿ ನೋಡಿ ಮತ್ತೆ ಅಲ್ಲೇ ಇಟ್ಟರು. ಅಕ್ಕಿ ಡಬ್ಬದೊಳಗೆ ಇಡಿ, ಅಲ್ಲೂ ಥಂಡಿ ಹಿಡಿಯುವುದಿಲ್ಲ ಎಂದು ನಾನು ಅತ್ತೆಯ ಕಿವಿಯ ಹತ್ತಿರ ಕೂಗಿ ಹೇಳಿದೆ. ಆಮೇಲೆ ಕೆಂಪು ದೀಪ ತಪ್ಪದೆ ಹತ್ತಿತು, ಅತ್ತೆ ಹದಿನೈದು ದಿನದಲ್ಲಿ ಎಲ್ಲ ಸೊಲ್ಲನ್ನೂ ಕಲಿತರು.

ಮದುವೆ ತೀರ್ಥಹಳ್ಳಿಯ ಛತ್ರದಲ್ಲಿ. ಹಸೆಯ ಮುಂದೆ ಕೂತು ಅತ್ತೆ ತಮ್ಮ ಸೊಲ್ಲು ಹೇಳಿದರು. ತಂಗಿಯ ಸೊಲ್ಲು ಬರುವಲ್ಲಿ ನಿಂತುಬಿಟ್ಟರು. ಮರೆತಿರಲಿಲ್ಲ. ನಲವತ್ತು ವರ್ಷದ ರೂಢಿ, ತಂಗಿ ಹೇಳುತ್ತಾಳೆಂದು ಕಾದರು. ಅವರ ಕಣ್ಣು ತುಂಬಿತು. ಅಷ್ಟು ಸಲ ಕೇಳಿದ್ದ ನಾನಾದರೂ ಹೇಳಬೇಕಿತ್ತು, ಅವರ ಮುಖವನ್ನೇ ನೋಡುತ್ತಾ ಕೂತುಬಿಟ್ಟೆ.

ಗಂಡಸರ ಸಾಲಿನಿಂದ ಇವರು ಎದ್ದು ಬಂದರು. ಗಂಡಸರು ಸೋಬಾನೆ ಹೇಳುವುದು ನಮ್ಮಲ್ಲಿಲ್ಲ. ಇವರ ದನಿಯೋ, ದೇವರೇ ಗತಿ. ಅವ್ವನ ಎದುರು ಕೂತು ಚಿಕ್ಕಮ್ಮನ ಸೊಲ್ಲನ್ನು ಪೂರ್ತಿ ಹೇಳಿದರು. ಚಿಕ್ಕಮ್ಮ ಕೆಮ್ಮಿದ್ದ ಜಾಗದಲ್ಲಿ ತಾವೂ ಕೆಮ್ಮಿದರು. ಹೆಂಗಸರೆಲ್ಲ ನಕ್ಕರು. ಅತ್ತೆಗೆ ಹಾಡೂ ಕೇಳಿಸಲಿಲ್ಲ, ನಗುವೂ ಕೇಳಿಸಲಿಲ್ಲ. ಮಗನ ತುಟಿಯನ್ನೇ ನೋಡುತ್ತಿದ್ದರು. ತುಟಿ ನಿಂತಾಗ ತಮ್ಮ ಮುಂದಿನ ಸೊಲ್ಲು ಎತ್ತಿಕೊಂಡರು.