ಗಾಜಿನಾಚೆಯ ತುಟಿಗಳು

ಮೂವತ್ತು ವರ್ಷ ಬೋರಗಾಂವದ ಪವರ್‌ಲೂಮ್ ಶೆಡ್ಡಿನಲ್ಲಿ ಮಗ್ಗ ನಡೆಸಿದವನಿಗೆ ಎರಡು ಸಂಗತಿ ಪುಕ್ಕಟೆ ಸಿಗುತ್ತವೆ. ಒಂದು, ಕಿವಿಯೊಳಗೆ ಎಂದೂ ನಿಲ್ಲದ ಗುಂಯ್ ಎನ್ನುವ ಸದ್ದು. ಇನ್ನೊಂದು, ತುಟಿ ಓದುವ ವಿದ್ಯೆ. ಅಷ್ಟೂ ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವಾಗ ಗಂಟಲು ಹರಿದುಕೊಂಡರೂ ಪಕ್ಕದವನಿಗೆ ಕೇಳುವುದಿಲ್ಲ. ಹಾಗಾಗಿ ನಾವು ಕೂಗುವುದೇ ಇಲ್ಲ. ತುಟಿ ಅಲ್ಲಾಡಿಸಿದರೆ ಸಾಕು, ಈ ತುದಿಯ ಸುದ್ದಿ ಆ ತುದಿ ಮುಟ್ಟುತ್ತದೆ, ಕನ್ನಡವಾದರೂ ಸರಿ, ಮರಾಠಿಯಾದರೂ ಸರಿ. ಮಾಲೀಕರ ಎದುರಿಗೆ ನಿಂತು ಮಾಲೀಕರನ್ನೇ ಬೈದು ಅರಗಿಸಿಕೊಂಡವರು ನಾವು.

ನನ್ನ ಹೆಂಡತಿ ಅದೇ ಶೆಡ್ಡಿನ ಮೂಲೆಯಲ್ಲಿ ನೂಲು ಸುತ್ತುತ್ತಿದ್ದಳು. ನನ್ನನ್ನು ಮದುವೆಯಾಗುತ್ತೀಯಾ ಎಂದು ನಾನು ಕೇಳಿದ್ದು ನಾಲ್ಕು ಮಗ್ಗದ ಆಚೆಯಿಂದ. ಮನೆಯವರನ್ನು ಕೇಳು ಎಂದು ಅವಳು ಹೇಳಿದ್ದೂ ಅಲ್ಲಿಂದಲೇ. ಶೆಡ್ಡಿನಲ್ಲಿದ್ದವರೆಲ್ಲ ಓದಿಕೊಂಡುಬಿಟ್ಟಿದ್ದರು. ಸಂಜೆಯೊಳಗೆ ನಮಗಿಂತ ಮೊದಲು ಅವರೇ ಲಗ್ನ ಮಾಡಿ ಮುಗಿಸಿದ್ದರು.

ಆದರೆ ಕಿವಿಯ ಸದ್ದು ಬಲಿತ ಹಾಗೆ ಈ ವಿದ್ಯೆಯೇ ಕೈ ಕೊಟ್ಟಿತು. ಅವಳ ಮುಖ ಕಂಡರೆ ಮಾತ್ರ ಮಾತು ತಿಳಿಯುತ್ತಿತ್ತು. ಒಲೆಯ ಮುಂದೆ ಬೆನ್ನು ತಿರುಗಿಸಿ ಏನಾದರೂ ಹೇಳಿದರೆ ನನಗೆ ಬರೀ ಗುಂಯ್. ಅವಳು ಎದ್ದು, ಸುತ್ತಿ ಬಂದು, ಎದುರಿಗೆ ನಿಂತು ಹೇಳಬೇಕು. ದೊಡ್ಡ ಮಾತಿಗೆ ಎದ್ದು ಬರುತ್ತಿದ್ದಳು. ಸಣ್ಣ ಮಾತನ್ನು ಬಿಟ್ಟೇಬಿಟ್ಟಳು. ಯಾರ ಮನೆಯ ಆಡು ಯಾರ ಬೇಲಿ ನುಗ್ಗಿತು, ಈ ಸಲದ ಹುಣಸೆ ಎಷ್ಟು ಹುಳಿ, ಇಂಥವನ್ನು ಹೇಳಲು ಯಾರು ಎದ್ದು ಬರುತ್ತಾರೆ? ಇದು ನನ್ನ ಗಮನಕ್ಕೆ ಬರುವಷ್ಟರಲ್ಲಿ ಮನೆ ಮೂಕವಾಗಿತ್ತು. ಸಂಕಟವಾದರೆ ನಾನು ಸಿಟ್ಟು ಮಾಡುವವನು. ಅವಳ ಮೇಲೆಯೇ ರೇಗಿದೆ.

ಅಂಥ ಹೊತ್ತಿನಲ್ಲಿ ಚಿಕ್ಕೋಡಿಯ ಒಂದು ದವಾಖಾನೆಯಲ್ಲಿ ಕಿವಿಯ ಸದ್ದಿಗೆ ಹೊಸ ಮಷಿನ್ ಬಂದಿದೆ, ಅದನ್ನು ಪರೀಕ್ಷೆ ಮಾಡಲು ಜನ ಬೇಕಾಗಿದ್ದಾರೆ ಎಂಬ ಸುದ್ದಿ ಬಂತು. ನಾನು ಮರುದಿನವೇ ಬಸ್ಸು ಹತ್ತಿದೆ. ಹೆಸರು ಬರೆದುಕೊಂಡರು, ಕಿವಿ ನೋಡಿದರು, ವಾರದ ಮೇಲೆ ನೀವು ಆಯ್ಕೆಯಾಗಿದ್ದೀರಿ ಎಂದು ಫೋನಿಗೆ ಮೆಸೇಜು ಕಳಿಸಿದರು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ನಪಾಸಾದವನು ನಾನು. ಆಯ್ಕೆ ಎಂಬ ಮಾತು ನನ್ನ ಜನ್ಮದಲ್ಲಿ ಪಾಲಿಗೆ ಬಂದದ್ದು ಅದೇ ಮೊದಲು. ಅಂಗಳದಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಹೇಳಿದೆ.

ಡಾಕ್ಟರು ನನ್ನ ಮಗಳ ವಯಸ್ಸಿನವರು. ತಾಳ್ಮೆಯಿಂದ ಎಲ್ಲ ತಿಳಿಸಿದರು. ಕಿವಿಗೆ ಹೆಡ್‌ಫೋನು, ನಾಲಿಗೆಯ ಮೇಲೆ ಒಂದು ಚಪ್ಪಟೆ ತುಂಡು. ದಿನಕ್ಕೆ ಒಂದು ತಾಸು ಹಾಕಿಕೊಂಡು ಕೂರಬೇಕು. ನಾಲಿಗೆ ಚುರುಗುಡುತ್ತದೆ, ಹುಡುಗಾಟದಲ್ಲಿ ಟಾರ್ಚಿನ ಸೆಲ್ಲಿಗೆ ನಾಲಿಗೆ ಹಚ್ಚಿದ ಹಾಗೆ. ದಿನವೂ ಸದ್ದು ಹತ್ತರಲ್ಲಿ ಎಷ್ಟು ಜೋರು ಎಂದು ಅಂಕಿ ಕೊಟ್ಟು ವಹಿಯಲ್ಲಿ ಬರೆಯಬೇಕು.

"ಮಷಿನ್ ಎರಡು ನಮೂನಿ ಅದಾವ ಕಾಕಾ," ಎಂದರು. "ಒಂದು ಖರೇದು, ಇನ್ನೊಂದು ಬರೇ ತೋರಿಕಿದು. ಎರಡೂ ನಾಲಿಗಿ ಚುರ್ ಅನಸ್ತಾವ. ನಿಮಗ ಯಾವುದು ಬಂದೈತಿ ಅನ್ನೂದು ನಿಮಗೂ ಗೊತ್ತಾಗಬಾರದು, ನನಗೂ ಗೊತ್ತಾಗಬಾರದು."

"ಗೊತ್ತಾದ್ರ ಏನಾಕ್ಕೈತ್ರಿ?"

"ಲೆಕ್ಕ ಕೆಡತೈತಿ. ಟ್ರಯಲ್‌ದಿಂದ ಹೊರಗ."

ನಾನು ತಲೆಯಾಡಿಸಿ ಸಹಿ ಹಾಕಿದೆ. ಆಮೇಲೆ ಕಿವಿ ಅಳೆಯಲು ನನ್ನನ್ನು ಗಾಜಿನ ಕಿಟಕಿಯ ಒಂದು ಸಣ್ಣ ಕೋಣೆಯೊಳಗೆ ಕೂರಿಸಿ ಬಾಗಿಲು ಹಾಕಿದರು. ಹೊರಗಿನ ಒಂದು ಪಿಸುಮಾತೂ ಒಳಗೆ ಬರದ ಕೋಣೆ. ಡಾಕ್ಟರು ಬೇರೆ ಕಡೆ ಹೋದರು. ಗಾಜಿನಾಚೆ ಮಷಿನ್ ಹೊಂದಿಸುವ ತರುಣನೊಬ್ಬ ನನ್ನ ಕಡೆಗೇ ಮುಖ ಮಾಡಿ ಫೋನಿನಲ್ಲಿ ಮಾತಾಡುತ್ತಿದ್ದ. ಇವನಿಗೆ ಏನೂ ಕೇಳುವುದಿಲ್ಲ ಎಂಬ ನೆಮ್ಮದಿ ಅವನದು. ಮರಾಠಿಯಲ್ಲಿ, ಒಂದೊಂದು ಮಾತನ್ನೂ ಬಿಡಿಸಿ ಹೇಳಿದ: "ಹೋ, ಬೋರಗಾಂವಚೇ ಕಾಕಾ. ಖರಂ ಮಶೀನ. ಡಮಿ ನಾಹೀ."

ನನ್ನದು ಖರೇ ಮಷಿನ್! ಕೂತಲ್ಲೇ ಮೈ ಜುಮ್ಮೆಂದಿತು. ಹೊರಗೆ ಬಂದಾಗ ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕಿನ ಹಾಗೆ ಸುಮ್ಮನಿದ್ದೆ. ಬಸ್ಸಿನಲ್ಲಿ ಮಾತ್ರ ಸುಮ್ಮನಿರಲಾಗದೆ ಪಕ್ಕದಲ್ಲಿ ಕೂತ ಗುರುತಿಲ್ಲದ ಅಜ್ಜನಿಗೆ ಬಸ್ಸು ನಿಂತಲ್ಲಿ ಒಂದು ಚಹಾ ಕುಡಿಸಿದೆ. ಯಾಕೆಂದು ಅವನೂ ಕೇಳಲಿಲ್ಲ.

ಮೊದಲ ದಿನ ವಹಿಯಲ್ಲಿ ಎಂಟು ಬರೆದೆ. ನಾಲ್ಕನೆಯ ದಿನ ಏಳು. ಎರಡು ವಾರಕ್ಕೆ ಐದು. ಬೆಳಿಗ್ಗೆ ಏಳುವಾಗಲೇ ಹುರುಪು. ಹೆಡ್‌ಫೋನು ಹಾಕಿಕೊಂಡು ರಾಜನ ಹಾಗೆ ಜಗಲಿಯ ಮೇಲೆ ಕೂರುತ್ತಿದ್ದೆ. ತಿಂಗಳು ತುಂಬುವ ಹೊತ್ತಿಗೆ ಮೂರಕ್ಕೆ ಇಳಿಸಿದ್ದೆ. ಆ ವೇಗ ನೋಡಿದರೆ ಮುಂದಿನ ತಿಂಗಳು ಸೊನ್ನೆಗಿಂತ ಕೆಳಗೆ ಹೋಗಬೇಕಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಮೂರು ಬರೆದ ದಿನ ವಹಿ ಮುಚ್ಚಿ ತಲೆಯೆತ್ತಿದರೆ ಹೆಂಡತಿ ಎದುರಿಗೆ ನಿಂತಿದ್ದಳು.

"ಮೂರು ಅಂತ ಬರದೀರಿ," ಎಂದಳು. "ನಾ ಹಿಂದಿಂದ ಮೂರು ಸಲ ಕರದ್ನಿ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾಚಿಕೆಯಾಯಿತು. ಗಾಜಿನಾಚೆ ಕಂಡದ್ದನ್ನು ಅವಳಿಗೆ ಹೇಳಿದೆ. ಒಂದು ತಿಂಗಳಿಂದ ಅಂಕಿ ಕೊಡುತ್ತಿದ್ದದ್ದು ಕಿವಿಯಲ್ಲ, ನನ್ನ ಸಂತೋಷ. ಮಗ್ಗಕ್ಕೆ ಉದ್ದನೂಲು ಹಾಸುವಾಗ ಒಂದು ಎಳೆ ತಪ್ಪಾಗಿ ಸೇರಿದರೆ ಅದು ಬಟ್ಟೆಯ ಕೊನೆಯವರೆಗೂ ಹೋಗುತ್ತದೆ. ಅಂಥ ಬಟ್ಟೆಯನ್ನು ಗೊತ್ತಿದ್ದೂ ಮಡಚಿ ಕೊಟ್ಟವನಲ್ಲ ನಾನು. ಆದರೆ ಹೇಳಿದರೆ ಮಷಿನ್ ಹೋಗುತ್ತದೆ. ಅದೂ ಖರೇ ಮಷಿನ್.

"ಮಷಿನ್ ಹೋದ್ರ ಹೋಗ್ಲಿ," ಎಂದಳು ಅವಳು. "ನಾ ಎದ್ದು ಬಂದು ಹೇಳತೀನಿ. ರೂಢಿ ಐತಿ."

ಆ ರೂಢಿ ಎಂಬ ಮಾತು ನನ್ನನ್ನು ಚುಚ್ಚಿತು. ಮಷಿನನ್ನು ಪೆಟ್ಟಿಗೆಗೆ ಹಾಕಿ, ಟವೆಲ್ಲಿನಲ್ಲಿ ಸುತ್ತಿ, ಚಿಕ್ಕೋಡಿಗೆ ಹೋದೆ.

"ಮೇಡಂ, ನನ್ನ ಮಷಿನ್ ಯಾವುದು ಅಂತ ನನಗ ಮೊದಲ ದಿನಾನ ಗೊತ್ತಾಗೈತ್ರಿ. ಅದು..."

ಡಾಕ್ಟರು ಥಟ್ಟನೆ ಕೈ ಎತ್ತಿದರು. "ಯಾವುದು ಅಂತ ಹೇಳಬ್ಯಾಡ್ರಿ. ನನಗ ಗೊತ್ತಾಗಬಾರದು. ಹೆಂಗ ಗೊತ್ತಾತು ಅಷ್ಟ ಹೇಳ್ರಿ."

ಹೇಳಿದೆ. ಅವರು ನಂಬಲಿಲ್ಲ. ನನ್ನನ್ನು ಅದೇ ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿ, ಗಾಜಿನಾಚೆ ನಿಂತು ನನ್ನ ಕಡೆ ತಿರುಗಿ ಏನೋ ಅಂದರು. ಬಾಗಿಲು ತೆರೆದು ಬಂದಾಗ ನಾನು ಒಪ್ಪಿಸಿದೆ: "ಇವತ್ತು ಡಬ್ಬಿ ತರೂದು ಮರತೀನಿ, ಹೊಟ್ಟಿ ಹಸದೈತಿ, ಅಂದ್ರಿ." ಅವರು ಕುರ್ಚಿಯ ಮೇಲೆ ಕೂತು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ತಮ್ಮ ಮೇಲಿನವರೊಂದಿಗೆ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದರು. ಗೋಡೆಯ ಕಡೆ ಮುಖ ಮಾಡಿಕೊಂಡು. ನಾನು ಟವೆಲ್ ಬಿಚ್ಚಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಕಾದೆ.

"ನಿಮ್ಮ ವಹಿ ಇಲ್ಲೇ ಇರ್ಲಿ," ಎಂದರು ಕೊನೆಗೆ. "ಇದು ಯಾಕ ಲೆಕ್ಕಕ್ಕ ಬರೂದಿಲ್ಲ ಅನ್ನೂದನ್ನ ನಾವು ಬರಕೋತೀವಿ. ನಮ್ಮ ತಪ್ಪೂ ಐತಿ. ಮಷಿನ್ ಒಯ್ಯಿರಿ, ಹೇಳಿದಷ್ಟು ದಿನ ಹಾಕ್ಕೋರಿ."

"ಹೊರಗ ಅಂದಿದ್ರಲ್ರಿ?"

"ಅಂಕಿ ಹೊರಗ ಕಾಕಾ. ನೀವಲ್ಲ."

ಬಸ್ಸು ಬರುವವರೆಗೂ ನಿಲ್ದಾಣದಲ್ಲಿ ಕೂರಲಾಗಲಿಲ್ಲ ನನಗೆ. ಪೆಟ್ಟಿಗೆ ಎದೆಗೆ ಅವಚಿಕೊಂಡು ಅತ್ತಿಂದಿತ್ತ ತಿರುಗಿದೆ. ಮುಂದಿನ ಸಲ ಹೋದಾಗ ಆ ಗಾಜಿಗೆ ಹಳೆಯ ಕ್ಯಾಲೆಂಡರು ಅಂಟಿಸಿದ್ದರು. ಮಷಿನ್ ಹೊಂದಿಸುವ ತರುಣ ನನ್ನನ್ನು ಕಂಡೊಡನೆ ಜೇಬಿನಿಂದ ಮಾಸ್ಕ್ ತೆಗೆದು ಹಾಕಿಕೊಂಡ.

ವಹಿ ಇಲ್ಲದೆ ಮೊದಮೊದಲು ಕೈ ಖಾಲಿ ಖಾಲಿ ಎನಿಸಿತು. ಅಂಕಿ ಕೊಡುವ ಕೆಲಸವಿಲ್ಲ, ಸುಮ್ಮನೆ ಹಾಕಿಕೊಂಡು ಕೂರುವುದು, ತೆಗೆದಿಡುವುದು. ಸದ್ದಿನ ಕಡೆ ಲಕ್ಷ್ಯ ಕೊಡುವುದನ್ನೇ ಮರೆಯುತ್ತಿದ್ದೆ. ಎಷ್ಟು ವಾರ ಹೋದವೋ ಎಣಿಸಲಿಲ್ಲ. ಒಂದು ಬೆಳಿಗ್ಗೆ ಪಡಸಾಲೆಯಲ್ಲಿ ಬೂಟಿನ ಲೇಸು ಕಟ್ಟುತ್ತಾ ಕೂತಿದ್ದೆ. ಒಳಗೆ ಅವಳು ರೊಟ್ಟಿ ಬಡಿಯುತ್ತಿದ್ದಳು. ನನ್ನ ಬೆನ್ನು ಅವಳ ಕಡೆಗೆ, ಅವಳ ಬೆನ್ನು ನನ್ನ ಕಡೆಗೆ.

"ಹಿತ್ತಲದಾಗಿನ ಬದನಿ ಗಿಡಕ್ಕ ಮತ್ತ ಹುಳ ಹತ್ಯಾವ," ಎಂದು ತನ್ನಷ್ಟಕ್ಕೆ ತಾನೇ ಅಂದುಕೊಂಡಳು.

"ಬೂದಿ ಉಗ್ಗು," ಎಂದೆ ನಾನು.

ರೊಟ್ಟಿಯ ಸದ್ದು ನಿಂತಿತು. ಅವಳು ಎದ್ದು ಬರುತ್ತಾಳೆ ಎಂದುಕೊಂಡು ಲೇಸು ಹಿಡಿದುಕೊಂಡೇ ಕಾದೆ. ಬರಲಿಲ್ಲ. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು. "ಬೂದಿಯಿಂದ ಏನೂ ಆಗೂದಿಲ್ಲ, ಹೋದ ಸಲಾನೂ ಹಾಕಿ ನೋಡೀನಿ, ಪಕ್ಕದ ಮನಿಯಾಕಿ ಗಿಡ ಮಾತ್ರ ಹೆಂಗ ಕಾಯಿ ಬಿಟ್ಟೈತಿ ನೋಡ್ರಿ," ಎಂದು ಅವಳು ಕೂತಲ್ಲಿಂದಲೇ ಹೇಳುತ್ತಾ ಹೋದಳು. ನಾನು ತಿರುಗಿ ನೋಡಲಿಲ್ಲ.