ಪೀಪಿ ಮೇಸ್ತ್ರಿಯ ಬೋಳು ಪಟ್ಟಿ

ಆ ಉದ್ಯಾನಕ್ಕೆ ದಿನಾ ಬರುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಮೇಸ್ತ್ರಿಯ ಮುಖ ಗೊತ್ತಿರಲಿಲ್ಲ, ಪೀಪಿ ಗೊತ್ತಿತ್ತು. ಹುಲ್ಲಿನ ಮೇಲೆ ಒಂದು ಚಪ್ಪಲಿ ಬಿದ್ದರೆ ಸಾಕು, ಯಾವುದೋ ಗಿಡದ ಮರೆಯಿಂದ ಕಿವಿ ತೂತು ಬೀಳುವ ಹಾಗೆ ಅದು ಕೂಗುತ್ತಿತ್ತು. ಆಮೇಲೆ ದಪ್ಪ ಮೀಸೆ ಕಾಣುತ್ತಿತ್ತು, ಅದರ ಕೆಳಗೆ ಮಂಡಿಯವರೆಗೂ ಕೆಸರಾದ ಪ್ಯಾಂಟು, ಕೈಯಲ್ಲಿ ನೀರು ಸುರಿಯುವ ಪೈಪು. ಬೈಗುಳ ಎಲ್ಲಕ್ಕಿಂತ ಮೊದಲೇ ಬಂದು ಮುಟ್ಟಿರುತ್ತಿತ್ತು. ಮಾಲಿಗಳಿಗೆಲ್ಲ ಮೇಲಿನವನಾದ್ದರಿಂದ ಮೇಸ್ತ್ರಿ, ಊದುತ್ತಿದ್ದುದರಿಂದ ಪೀಪಿ ಮೇಸ್ತ್ರಿ. ಅವನ ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಹೆಂಡತಿಯೊಬ್ಬಳನ್ನು ಬಿಟ್ಟು.

ಉದ್ಯಾನ ಹಳೆಯದು. ಈಗಿನ ಊರು ಹುಟ್ಟುವ ಮೊದಲೇ ಅದು ಇತ್ತು ಎಂದು ಗೇಟಿನ ಕಲ್ಲು ಹೇಳುತ್ತದೆ. ನಡುವೆ ವಾದ್ಯದವರು ಕೂತು ಬಾರಿಸುತ್ತಿದ್ದ ಗುಂಡನೆಯ ಕಬ್ಬಿಣದ ಮಂಟಪ, ಒಂದು ಬತ್ತಿದ ಕಾರಂಜಿ, ಛತ್ರಿ ಹಿಡಿದಂಥ ದೊಡ್ಡ ಮರಗಳು. ಇವೆಲ್ಲದರ ಮುಂದೆ ಹರಡಿಕೊಂಡಿದ್ದ ಹುಲ್ಲಿನ ಬಯಲೇ ಮೇಸ್ತ್ರಿಯ ಜೀವ. ಊರು ಬೆಳೆಯುತ್ತಾ ಬೆಳೆಯುತ್ತಾ ಉದ್ಯಾನದ ಈ ಕಡೆಗೆ ಬಸ್ ನಿಲ್ದಾಣ ಬಂತು, ಆ ಕಡೆಗೆ ದೊಡ್ಡಾಸ್ಪತ್ರೆ ಬಂತು. ಬಸ್ಸಿಳಿದವನಿಗೆ ಆಸ್ಪತ್ರೆ ಕಣ್ಣೆದುರಿಗೇ ಕಾಣುತ್ತದೆ. ಉದ್ಯಾನದ ಅಂಚು ಹಿಡಿದು ಸುತ್ತಿಕೊಂಡು ಹೋಗು ಎಂದರೆ ಯಾರು ಕೇಳುತ್ತಾರೆ? ಎಲ್ಲರೂ ಹುಲ್ಲಿನ ಮೇಲೆ ಅಡ್ಡಲಾಗಿ ನಡೆದರು. ಅಲ್ಲೊಂದು ಬೋಳು ಪಟ್ಟಿ ಬಿದ್ದಿತ್ತು, ಒಂದು ಗೇಟಿನಿಂದ ಇನ್ನೊಂದು ಗೇಟಿನವರೆಗೆ, ಹಸಿರು ಸೀರೆಗೆ ಇಸ್ತ್ರಿ ಪೆಟ್ಟಿಗೆ ತಾಗಿಸಿ ಸುಟ್ಟ ಹಾಗೆ.

ಆ ಪಟ್ಟಿಯನ್ನು ಮುಚ್ಚಲು ಮೇಸ್ತ್ರಿ ಮಾಡದೆ ಇದ್ದದ್ದು ಯಾವುದೂ ಇಲ್ಲ. ಹಗ್ಗ ಕಟ್ಟಿದ, ಜನ ಹಗ್ಗದ ಕೆಳಗೆ ಬಗ್ಗಿ ನಡೆದರು. ಮುಳ್ಳು ಹಾಕಿದ, ಮುಳ್ಳನ್ನು ಪಕ್ಕಕ್ಕೆ ಸರಿಸಿ ನಡೆದರು. ಬೋರ್ಡು ನೆಟ್ಟ, ಅದಕ್ಕೆ ಒರಗಿ ನಿಂತು ಚಪ್ಪಲಿ ಸರಿಮಾಡಿಕೊಂಡರು. ಪ್ರತಿ ಮಳೆಗಾಲದ ಮುಂಚೆ ಅಲ್ಲಿಯ ಮಣ್ಣು ಸಡಿಲಿಸಿ, ಗೊಬ್ಬರ ಕೊಟ್ಟು, ಬೇರುಸಹಿತ ಹುಲ್ಲು ತಂದು ನೆಡುತ್ತಿದ್ದ. ಮಳೆಯಲ್ಲಿ ಅದು ಚೆನ್ನಾಗಿಯೇ ಚಿಗುರಿಕೊಳ್ಳುತ್ತಿತ್ತು. ಬಿಸಿಲು ಬಲಿತ ಕೂಡಲೇ ಹಳದಿಯಾಗಿ, ಒಣಗಿ, ಉದುರಿ, ಮತ್ತೆ ಬೋಳು. ಜನರ ಕಾಲೇ ಅದನ್ನು ಕೊಂದಿತು ಎನ್ನುವುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಅವನ ಕೈಗೆ ಹೆಚ್ಚು ಸಿಕ್ಕಿಬೀಳುತ್ತಿದ್ದವಳು ಆಸ್ಪತ್ರೆಯ ನರ್ಸು. ಗಟ್ಟಿ ಹೆಂಗಸು, ಮಾತಿನಲ್ಲೂ ನಡಿಗೆಯಲ್ಲೂ. ಬೆಳಗಿನ ಪಾಳಿಗೆ ಓಡುವಾಗ ಆ ಪಟ್ಟಿಯ ಮೇಲೆಯೇ ಓಡುತ್ತಿದ್ದಳು. ಅವನು ಪೀಪಿ ಊದಿದರೆ ನಿಲ್ಲುತ್ತಿರಲಿಲ್ಲ, ಕೈ ಮಾತ್ರ ಎತ್ತುತ್ತಿದ್ದಳು, ಬಸ್ ಡ್ರೈವರಿಗೆ ಎತ್ತುವ ಹಾಗೆ. ಒಂದು ದಿನ ಅವನು ಪೈಪು ಹಿಡಿದು ಅಡ್ಡ ನಿಂತೇಬಿಟ್ಟ.

"ಸಿಸ್ಟರ್, ಓದಿದೋರು ನೀವು. ಹುಲ್ಲು ತುಳೀಬಾರ್ದು ಅಂತ ಗೊತ್ತಾಗಲ್ವಾ?"

"ಹುಲ್ಲು ಎಲ್ಲಿದೆ ಮೇಸ್ತ್ರಿ?" ಎಂದಳು ಅವಳು, ನಿಜವಾಗಿಯೂ ಹುಡುಕುವವಳ ಹಾಗೆ ನೆಲ ನೋಡುತ್ತಾ. "ತೋರಿಸಿ, ಅದನ್ನ ಬಿಟ್ಟು ಕಾಲಿಡ್ತೀನಿ."

ಅವನು ಪೈಪು ಸರಿಸಿ ದಾರಿ ಬಿಟ್ಟ. ಉತ್ತರ ಹೊಳೆಯದಿದ್ದಾಗ ಅವನಿಗೆ ಸಿಟ್ಟು ಇಮ್ಮಡಿಯಾಗುತ್ತಿತ್ತು. ಅವತ್ತು ಮಧ್ಯಾಹ್ನ ಊಟದ ಡಬ್ಬಿ ತಂದ ಹೆಂಡತಿಯ ಮುಂದೆ ಅದನ್ನೆಲ್ಲ ಕಾರಿಕೊಂಡ. ಉದ್ಯಾನದ ಹಿಂದಿನ ಗೋಡೆಗೆ ಅಂಟಿದ ಎರಡು ಕೋಣೆಯ ಮನೆಯಲ್ಲೇ ಅವರ ವಾಸ, ಹಾಗಾಗಿ ಅವಳು ಡಬ್ಬಿಯೊಂದಿಗೆ ಬಂದು ಮಂಟಪದ ಮೆಟ್ಟಿಲ ಮೇಲೆ ಕೂತು, ಅವನು ಉಂಡು ಮುಗಿಸುವವರೆಗೂ ಜನ ನೋಡಿಕೊಂಡು ಹೋಗುತ್ತಿದ್ದಳು. ಬೋಳು ಪಟ್ಟಿಗೆ ಅವಳು ಸವತಿ ಎಂದು ಹೆಸರಿಟ್ಟಿದ್ದಳು. ಸವತಿಗೆ ಇವತ್ತು ಗೊಬ್ಬರ ಹಾಕಿದಿರಾ, ಸವತಿಗೆ ಬಾಯಾರಿಕೆ ಆಗಿರಬೇಕು, ಹೀಗೆ. ತಲೆಗೆ ಎಣ್ಣೆ ಹಚ್ಚಿಕೋ ಎಂದು ತನಗೆ ಒಂದು ದಿನವೂ ಹೇಳದ ಗಂಡ, ಆ ಬೋಳುತಲೆಯವಳಿಗೆ ದಿನಾ ನೀರೆರೆಯುತ್ತಾನೆ ಎನ್ನುವುದು ಅವಳ ತಕರಾರು.

ಹೀಗಿರುವಾಗ ಉದ್ಯಾನದ ಜೀರ್ಣೋದ್ಧಾರಕ್ಕೆ ನಗರಸಭೆ ಮನಸ್ಸು ಮಾಡಿತು. ಮಂಟಪಕ್ಕೆ ಹೊಸ ಛಾವಣಿ, ಕಾರಂಜಿಗೆ ನೀರು, ಕಟ್ಟಿಕೊಂಡ ಚರಂಡಿಗಳ ರಿಪೇರಿ, ದೀಪ. ಎಲ್ಲ ಒಳ್ಳೆಯದೇ. ಮೇಸ್ತ್ರಿ ಖುಷಿಯಿಂದಲೇ ಇಂಜಿನಿಯರ್ ಮೇಡಂ ಹಿಂದೆ ಓಡಾಡಿ ಎಲ್ಲೆಲ್ಲಿ ನೀರು ನಿಲ್ಲುತ್ತದೆ, ಯಾವ ಮರದ ಬೇರು ಎಲ್ಲಿದೆ ಎಂದು ತೋರಿಸಿದ. ಮೇಡಂ ಹೆಚ್ಚು ಮಾತಿನವರಲ್ಲ, ಬಿಸಿಲಿಗೆ ಟೋಪಿ ಹಾಕಿಕೊಂಡು ತಾವೇ ಚರಂಡಿಗೆ ಇಳಿದು ನೋಡುವಂಥವರು. ಹುಲ್ಲಿನ ಬಯಲಿನ ಹತ್ತಿರ ಬಂದಾಗ ಅವರು ನಿಂತು, ಇಲ್ಲಿ ಅರ್ಧಕ್ಕೆ ಟೈಲ್ಸ್ ಹಾಕುವುದು ಎಂದಿದೆ ಎಂದರು. ಇಷ್ಟು ಜನ ಓಡಾಡುವ ಕಡೆ ಹುಲ್ಲು ಉಳಿಯುವುದಿಲ್ಲವಂತೆ, ಆ ಪಟ್ಟಿಯೇ ಅದಕ್ಕೆ ಸಾಕ್ಷಿಯಂತೆ.

ಅರ್ಧ ಬಯಲಿಗೆ ಟೈಲ್ಸ್! ಬೇಸಿಗೆಯಲ್ಲಿ ಕಾದ ಹೆಂಚಿನ ಹಾಗಿರುತ್ತದೆ, ಮಳೆಯಲ್ಲಿ ಜಾರುತ್ತದೆ, ಮಕ್ಕಳು ಬಿದ್ದರೆ ಮಂಡಿ ಒಡೆಯುತ್ತದೆ. ಇದನ್ನೆಲ್ಲ ಅವನು ಹೇಳಿದ, ಆದರೆ ಸಿಟ್ಟಿನಲ್ಲಿ ಹೇಳಿದ್ದರಿಂದ ಅರ್ಧ ಅರ್ಥವಾಗಲಿಲ್ಲ. ಕೊನೆಗೆ ಒಂದು ಮಾತು ಮಾತ್ರ ಸರಿಯಾಗಿ ಬಂತು.

"ಮೇಡಂ, ಕೆಲಸ ಮುಗಿಯೋ ತನಕ ಈ ಬಯಲಿಗೆ ತಗಡು ಹೊಡ್ಸಿ ಮುಚ್ಚಿಬಿಡಿ. ಒಂದು ನರಪಿಳ್ಳೆ ಕಾಲಿಡಬಾರ್ದು. ಆಗ್ಲೂ ಆ ಪಟ್ಟಿಲಿ ಹುಲ್ಲು ಬರ್ಲಿಲ್ಲ ಅಂದ್ರೆ ನಾನೇ ಟೈಲ್ಸ್ ಹೊತ್ತು ಹಾಕ್ತೀನಿ."

ಮೇಡಂ ಆ ಪಟ್ಟಿಯ ಉದ್ದಕ್ಕೂ ಕಣ್ಣು ಹಾಯಿಸಿದರು. ಆಗಲಿ ಎಂದರು. ಚರಂಡಿ ಕೆಲಸ ಮುಗಿದ ಮೇಲೆ ನೋಡೋಣ, ಪೂರ್ತಿ ಹಸಿರಿದ್ದರೆ ಬಯಲು ಹಾಗೇ ಇರಲಿ.

ತಗಡು ಬಂತು. ಬಯಲನ್ನು ಸುತ್ತ ಮುಚ್ಚಿದ್ದೇ ತಡ, ಊರಿನ ಬಾಯೆಲ್ಲ ಮೇಸ್ತ್ರಿಯ ಮೇಲೆ. ಬಸ್ಸಿಳಿದು ಬಂದವರು, ಕೈಯಲ್ಲಿ ರೋಗಿಯ ಊಟ ಹಿಡಿದವರು, ಊರುಗೋಲಿನವರು, ಎಲ್ಲರೂ ಸುತ್ತು ಹಾಕುತ್ತಾ ಶಪಿಸಿಕೊಂಡು ಹೋದರು. ನರ್ಸು ತಗಡಿನ ಆಚೆಯಿಂದಲೇ, ಒಳಗೆ ನಿಧಿ ಹೂತಿಟ್ಟಿದ್ದೀರಾ ಮೇಸ್ತ್ರಿ ಎಂದು ಕೇಳಿ ಓಡಿದಳು. ಅವನು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡ. ಕಿವಿಗೆ ಹತ್ತಿ ಇಟ್ಟವನಂತೆ, ಪಟ್ಟಿಯ ಉದ್ದಕ್ಕೂ ಕೂತು ಹುಲ್ಲು ನೆಟ್ಟ. ಮಣ್ಣನ್ನು ಅಂಗೈ ಆಳಕ್ಕೆ ಸಡಿಲಿಸಿದ, ಅದಕ್ಕಿಂತ ಆಳಕ್ಕಿಲ್ಲ. ಹಳೆಯ ಮೇಸ್ತ್ರಿ ಅವನಿಗೆ ಕೆಲಸ ಕಲಿಸುವಾಗ ಹೇಳಿದ್ದು ಅದು: ಹುಲ್ಲಿಗೆ ಅಂಗೈ ಆಳ ಸಾಕು, ಹೆಚ್ಚು ಅಗೆದರೆ ನೆಲ ಕುಸಿದು ಬಯಲು ಗುಂಡಿಗುಂಡಿಯಾಗುತ್ತದೆ. ಆ ಮಾತನ್ನು ಅವನು ಒಂದು ಸಲವೂ ಮೀರಿದವನಲ್ಲ.

ಮಳೆ ಬಂತು. ಹುಲ್ಲು ಎದ್ದಿತು. ಒಂದು ಬೆಳಗ್ಗೆ ತಗಡಿನ ಸಂದಿಯಿಂದ ಒಳಗೆ ಬಂದು ನೋಡಿದರೆ ಆ ಗೇಟಿನಿಂದ ಈ ಗೇಟಿನವರೆಗೆ ಎಲ್ಲೂ ಹರಿಯದ ಹಸಿರು. ಮೇಸ್ತ್ರಿ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಕರುವಿನ ಮೈ ಸವರುವ ಹಾಗೆ ಹುಲ್ಲು ಸವರಿದ. ಹೆಂಡತಿಯನ್ನು ಕರೆದು ತಂದು ತೋರಿಸಿದ. ಸವತಿಗೆ ಕೂದಲು ಬಂತಲ್ಲ ಎಂದು ಅವಳೂ ಮೆಚ್ಚಿಕೊಂಡಳು.

ಮಳೆ ನಿಂತಿತು, ಬಿಸಿಲು ಹತ್ತಿತು. ಸ್ವಲ್ಪ ದಿನಕ್ಕೇ ಹಸಿರಿನ ನಡುವೆ ತೆಳ್ಳಗೆ ಹಳದಿ ಕಂಡಿತು, ಅದೇ ಜಾಗ, ಅದೇ ಅಗಲ, ಅದೇ ಓರೆ.

ಮೇಸ್ತ್ರಿಗೆ ಮೊದಲು ಬಂದ ಯೋಚನೆ: ಯಾರೋ ತಗಡು ಹಾರಿ ನಡೆಯುತ್ತಿದ್ದಾರೆ. ರಾತ್ರಿ ಉದ್ಯಾನ ಕಾಯುವ ಕಾವಲಿನವನ ಮೇಲೆ ಹರಿಹಾಯ್ದ. ಅವನು, ನನ್ನ ಹೆಣದ ಮೇಲೆ ನಡೀಬೇಕು ಅಣ್ಣ ಎಂದು ಆಣೆ ಇಟ್ಟರೂ ನಂಬಲಿಲ್ಲ. ಕಳ್ಳಹೆಜ್ಜೆ ಹಿಡಿಯಲು ತಗಡಿನ ಒಳಬದಿಗೆ ಸುತ್ತಲೂ ಸಣ್ಣ ಮರಳು ಜರಡಿ ಹಿಡಿದು ಹರಡಿದ. ಬೆಳಗ್ಗೆ ನೋಡಿದರೆ ಮರಳಿನ ಮೇಲೆ ಕಾಗೆಯ ಕಾಲು, ಬೆಕ್ಕಿನ ಕಾಲು, ಒಂದು ಕಡೆ ತನ್ನದೇ ಚಪ್ಪಲಿಯ ಗುರುತು. ಮಾರನೆಯ ದಿನವೂ ಅಷ್ಟೇ. ಬೇರೆ ಮನುಷ್ಯರ ಹೆಜ್ಜೆ ಒಂದೂ ಇಲ್ಲ. ಹಳದಿ ಮಾತ್ರ ಹರಡುತ್ತಲೇ ಇತ್ತು.

ಅವತ್ತು ಡಬ್ಬಿ ತಂದ ಹೆಂಡತಿ ನೋಡಿದರೆ ಗಂಡ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾನೆ. ಬೈಯಲು ಯಾರೂ ಉಳಿಯದ ಗಂಡನನ್ನು ಅವಳು ಮೊದಲ ಸಲ ನೋಡುತ್ತಿದ್ದಳು. ತಮಾಷೆ ಮಾಡಲಿಲ್ಲ. ಪಕ್ಕದಲ್ಲಿ ಕೂತು ಹಳದಿ ಹುಲ್ಲಿನ ಒಂದು ಎಳೆ ಕಿತ್ತು ನೋಡಿದಳು.

"ರೀ, ನಮ್ಮ ಮನೆ ತಾರಸಿ ಮೇಲೆ ಮಳೇಲಿ ಹುಲ್ಲು ಬೆಳೆಯುತ್ತಲ್ಲ, ಬೇಸಿಗೇಲಿ ಯಾರು ತುಳಿದು ಸಾಯ್ಸ್ತಾರೆ ಅದನ್ನ?"

"ತಾರಸಿ ಕೆಳಗೆ ಸಿಮೆಂಟಿದೆ ಕಣೆ. ಬೇರು ಇಳಿಯೋಕೆ ಜಾಗ ಎಲ್ಲಿ?"

ಹೇಳಿದವನೇ ಬಾಯಿ ತೆರೆದುಕೊಂಡು ಕೂತ. ಅವಳು ಡಬ್ಬಿಯ ಮುಚ್ಚಳ ತೆಗೆದಳು.

ಅವನು ಊಟ ಮಾಡಲಿಲ್ಲ. ಹೋಗಿ ಹಾರೆ ತಂದ. ಪಟ್ಟಿಯ ನಡುವೆ ನಿಂತು ಎತ್ತಿ ಹಾಕಿದ. ಠಣ್ ಎಂದಿತು. ಎರಡು ಹೆಜ್ಜೆ ಮುಂದೆ ಹೋಗಿ ಮತ್ತೆ ಹಾಕಿದ. ಠಣ್. ಆಚೆ ಹಸಿರಿನಲ್ಲಿ ಹಾಕಿದ, ಹಾರೆ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಪಟ್ಟಿಗೆ ಬಂದ, ಠಣ್. ಗುದ್ದಲಿ ತಂದು ಅಂಗೈ ಆಳದ ಮಣ್ಣು ಸರಿಸಿ, ಇನ್ನೂ ಅಷ್ಟೇ ಸರಿಸಿದ. ಕಪ್ಪನೆಯ ಚಪ್ಪಡಿ ಕಲ್ಲು ಕಂಡಿತು. ಪಕ್ಕದಲ್ಲಿ ಇನ್ನೊಂದು. ಒಂದಕ್ಕೊಂದು ಕೂದಲು ನುಗ್ಗದಂತೆ ಕೂಡಿಸಿದ ಕಲ್ಲುಗಳು, ಇಬ್ಬರು ಮಾತಾಡುತ್ತಾ ನಡೆಯುವಷ್ಟು ಅಗಲಕ್ಕೆ.

ಉದ್ಯಾನ ಮಾಡಿದವರೇ ಅಲ್ಲಿ ದಾರಿ ಮಾಡಿದ್ದರು. ಆಮೇಲೆ ಯಾವನೋ ಅಧಿಕಾರಿಗೆ ಬಯಲು ಇನ್ನೂ ದೊಡ್ಡದಾಗಿ ಕಾಣಲಿ ಅನ್ನಿಸಿರಬೇಕು, ಮಣ್ಣು ಮುಚ್ಚಿಸಿ ಹೋದ. ಮುಚ್ಚಿದ್ದು ಮರೆತುಹೋಯಿತು. ಹುಲ್ಲು ಅಲ್ಲಿ ಒಣಗುತ್ತಿತ್ತು, ಒಣಗಿದ ಕಡೆ ಜನ ನಡೆಯುತ್ತಿದ್ದರು, ನಡೆದವರಿಗೆ ಮೇಸ್ತ್ರಿ ಪೀಪಿ ಊದುತ್ತಿದ್ದ.

ಸಂಜೆಗೆ ಇಂಜಿನಿಯರ್ ಮೇಡಂ ಬಂದರು. ಮಂಡಿಯೂರಿ ಕೂತು ಕಲ್ಲು ಒರೆಸಿ ನೋಡಿದರು. ಆಮೇಲೆ ಅವನ ಮುಂದೆ ಎರಡು ದಾರಿ ಇಟ್ಟರು. ಈ ಕಲ್ಲು ಕಿತ್ತು ಮಣ್ಣು ತುಂಬಿಸಬಹುದು, ಆಗ ಹುಲ್ಲು ಬರುವುದು ಖಂಡಿತ, ಮೇಸ್ತ್ರಿ ಗೆದ್ದಂತೆ, ಇಡೀ ಬಯಲು ಅವನದು. ಇಲ್ಲವಾದರೆ ದಾರಿಯನ್ನು ಮೊದಲಿದ್ದಂತೆ ತೆರೆಯುವುದು. ದಾರಿ ಇದ್ದರೆ ಜನ ಹುಲ್ಲು ತುಳಿಯುವುದಿಲ್ಲ, ಟೈಲ್ಸ್ ಮಾತೂ ಬೇಕಾಗುವುದಿಲ್ಲ. ಆದರೆ ಬಯಲು ಎರಡು ಭಾಗವಾಗುತ್ತದೆ, ಒಂದೇ ಹರವು ಎನ್ನುವುದು ಇರುವುದಿಲ್ಲ.

"ಹುಲ್ಲು ನಿಮ್ಮದು ಮೇಸ್ತ್ರಿಗಳೇ. ನೀವು ಹೇಳ್ದಂಗೆ ಬರೀತೀನಿ," ಎಂದರು.

ಒಂದೇ ಹರವು. ಆ ಮಳೆಗಾಲದ ಬೆಳಗ್ಗೆ ಕಂಡನಲ್ಲ, ಎಲ್ಲೂ ಹರಿಯದ ಹಸಿರು, ಅದಕ್ಕಾಗಿಯೇ ಅವನು ಇಷ್ಟು ವರ್ಷ ಗಂಟಲು ಹರಿದುಕೊಂಡದ್ದು. ಈಗ ಕೈಗೆ ಬಂದಿದೆ. ಹೂಂ ಎಂದರೆ ಸಾಕು. ಅವನು ಚಪ್ಪಲಿ ಕಳಚಿ ಕಲ್ಲಿನ ಮೇಲೆ ಬರಿಗಾಲು ಇಟ್ಟ. ಕಲ್ಲಿನ ನಡುವೆ ಮೆಲ್ಲಗೆ ಒಂದು ತಗ್ಗು ಕಾಲಿಗೆ ಸಿಕ್ಕಿತು. ಮುಂದಿನ ಕಲ್ಲಿನಲ್ಲೂ ಅದೇ ತಗ್ಗು. ಅಂಚು ಒರಟು, ನಡುವೆ ನುಣುಪು, ಮನೆಯ ಹಳೆಯ ಹೊಸ್ತಿಲು ಸವೆದ ಹಾಗೆ. ನಡೆದು ನಡೆದು ಸವೆಸಿದ್ದಾರೆ. ಆಗ ಬಸ್ಸೂ ಇರಲಿಲ್ಲ, ಆಸ್ಪತ್ರೆಯೂ ಇರಲಿಲ್ಲ. ಎಲ್ಲಿಂದ ಎಲ್ಲಿಗೆ ಹೋಗುತ್ತಿದ್ದರೋ, ಹೋಗಿದ್ದು ಮಾತ್ರ ಇದೇ ಓರೆಯಲ್ಲಿ. ಅವರಿಗೆ ಯಾರೂ ಪೀಪಿ ಊದಿರಲಿಕ್ಕಿಲ್ಲ. ಹುಲ್ಲು ಎಲ್ಲಿದೆ ಮೇಸ್ತ್ರಿ ಎಂದು ನೆಲ ನೋಡಿದ ನರ್ಸಿನ ಮುಖ ಅವನ ಕಣ್ಣ ಮುಂದೆ ಬಂತು. ಅವಳು ಯಾವತ್ತೂ ಹುಲ್ಲು ತುಳಿದಿರಲೇ ಇಲ್ಲ. ದಾರಿಯ ಮೇಲೆ ನಡೆದವಳನ್ನು ದಾರಿ ತಪ್ಪಿದವಳು ಎಂದು ಬೈದಿದ್ದ. ಕಿವಿ ಬಿಸಿಯಾಯಿತು. ಈ ಸಲ ಸಿಟ್ಟಿಗಲ್ಲ.

"ಕೀಳೋದು ಬೇಡ ಮೇಡಂ," ಎಂದ. "ದಾರಿ ಇರೋ ಕಡೆ ನಾನೇ ಹುಲ್ಲು ಹಾಕಿ ತುಳಿಸ್ತಿದ್ದೆ. ದಾರೀನೇ ತೆರೆದುಬಿಡಿ."

ತೆರೆಯುವ ಕೆಲಸವನ್ನು ಅವನು ಬೇರೆ ಯಾರಿಗೂ ಕೊಡಲಿಲ್ಲ. ತನ್ನ ಮಾಲಿಗಳನ್ನು ಕಟ್ಟಿಕೊಂಡು, ಅಂಚಿನಲ್ಲಿ ದಾರ ಹಿಡಿದು, ಒಂದೊಂದೇ ಚಪ್ಪಡಿಯ ಮೇಲಿನ ಮಣ್ಣು ಸರಿಸಿ, ತೊಳೆದು, ಅಲುಗಿದ ಕಲ್ಲನ್ನು ಕೂರಿಸಿದ. ಬಂದ ಮಣ್ಣೆಲ್ಲ ಮರಗಳ ಬುಡಕ್ಕೆ ಹೋಯಿತು. ಇಷ್ಟು ವರ್ಷ ಗೊಬ್ಬರ ತಿಂದ ಮಣ್ಣದು, ಮರಗಳು ಪುಣ್ಯ ಮಾಡಿದ್ದವು. ದಾರಿಯ ಎರಡೂ ಕಡೆ ಹುಲ್ಲನ್ನು ಕತ್ತರಿಯಲ್ಲಿ ಕತ್ತರಿಸಿ ಅಂಚು ಕಟ್ಟಿದ. ಎರಡು ಭಾಗವಾದ ಬಯಲನ್ನು ಮಂಟಪದ ಮೆಟ್ಟಿಲ ಮೇಲೆ ನಿಂತು ನೋಡಿದಾಗ ಮೊದಲು ಸ್ವಲ್ಪ ಸಂಕಟವಾಯಿತು. ನಾಲ್ಕು ದಿನ ನೋಡಿದ ಮೇಲೆ, ಬೈತಲೆ ತೆಗೆದ ತಲೆಯ ಹಾಗಿದೆ, ಪರವಾಗಿಲ್ಲ ಎನ್ನಿಸಿತು. ಹೆಂಡತಿ ಸವತಿ ಎನ್ನುವುದನ್ನು ಬಿಟ್ಟಳು. ಬೈತಲೆ ನನಗಿಂತ ಚೆನ್ನಾಗಿ ತೆಗೆದಿದ್ದೀರಿ ಎಂದಳು ಅಷ್ಟೇ.

ತಗಡು ಕಳಚಿದ ಬೆಳಗ್ಗೆ ಅವನು ಬೇಗ ಬಂದು ಬಸ್ ನಿಲ್ದಾಣದ ಕಡೆಯ ಗೇಟಿನ ಹತ್ತಿರ ಸುಮ್ಮನೆ ಏನೋ ಕೀಳುವವನಂತೆ ಕೂತಿದ್ದ. ಜನ ಬಂದರು, ಕಲ್ಲು ನೋಡಿದರು, ನಡೆದರು, ಯಾರೂ ಬೆರಗಾಗಲಿಲ್ಲ. ಯಾವತ್ತೂ ಅಲ್ಲೇ ನಡೆಯುತ್ತಿದ್ದವರು ತಾನೇ. ನರ್ಸು ಓಡುತ್ತಾ ಬಂದು ದಾರಿಯ ತುದಿಯಲ್ಲಿ ಗಕ್ಕನೆ ನಿಂತಳು. ಅಭ್ಯಾಸಬಲ, ಪೀಪಿಗೆ ಕಾದಳು. ಪೀಪಿ ಬರಲಿಲ್ಲ. ಮೇಸ್ತ್ರಿ ಎದ್ದು ಕೈಯ ಮಣ್ಣು ಕೊಡವಿಕೊಂಡ. ಹೇಳಬೇಕು ಎಂದು ಮನೆಯಿಂದ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮೀಸೆಯೊಳಗೇ ಉಳಿಯಿತು.

"ನಡೀರಿ ಸಿಸ್ಟರ್," ಎಂದ. "ಪಾಳಿಗೆ ಹೊತ್ತಾಗುತ್ತೆ."

ಅವಳು ಅವನನ್ನು ನೋಡಿದಳು, ಕಲ್ಲನ್ನು ನೋಡಿದಳು. "ನಿಧಿ ಸಿಕ್ತು ಅನ್ನಿ," ಎಂದಳು. ಅವತ್ತು ಅವಳು ಓಡಲಿಲ್ಲ, ನಡೆದೇ ಹೋದಳು, ಆ ತುದಿಯಲ್ಲಿ ತಿರುಗಿ ನೋಡದೆ ಕೈ ಎತ್ತಿದಳು.

ಇಷ್ಟಾದ ಮೇಲೆ ಪೀಪಿ ಬಿಟ್ಟುಬಿಟ್ಟ ಎಂದುಕೊಂಡರೆ ನೀವು ಆ ಮನುಷ್ಯನನ್ನು ಕಂಡಿಲ್ಲ. ಅವತ್ತೇ ಬಿಸಿಲೇರಿದ ಮೇಲೆ ಇಂಜಿನಿಯರ್ ಮೇಡಂ ಬಂದರು. ಪೂರ್ತಿ ದಾರಿ ಒಂದೇ ಫೋಟೋದಲ್ಲಿ ಸಿಗಲಿ ಎಂದು ಮೊಬೈಲು ಹಿಡಿದುಕೊಂಡು ಒಂದು ಹೆಜ್ಜೆ ಹಿಂದೆ ಸರಿದರು, ಇನ್ನೊಂದು ಹೆಜ್ಜೆ ಸರಿದರು, ಹಿಮ್ಮಡಿ ಕಲ್ಲಿನ ಅಂಚು ದಾಟಿ ಹುಲ್ಲಿನ ಮೇಲೆ ಬಿತ್ತು.

ಕಾರಂಜಿಯ ಹಿಂದಿನಿಂದ ಕಿವಿ ತೂತು ಬೀಳುವ ಹಾಗೆ ಪೀಪಿ ಕೂಗಿತು.